ಅಮಾವಾಸ್ಯೆಯ ಮರುದಿನ

ನೋಂದಣಿ ಕಚೇರಿಯ ಪರದೆ ನೀಲಗಂಗವ್ವನ ಮುಖ ನೋಡಿ ವಯಸ್ಸು ತಿಳಿದುಕೊಂಡಿತು. ಇವತ್ತಿಗೆ ಅವಳಿಗೆ ಅರವತ್ತೈದು ತುಂಬಿತ್ತು. ಆಯಾ ವಯಸ್ಸಿನವರು ಹೆಚ್ಚಾಗಿ ಒತ್ತುವ ಗುಂಡಿಗಳನ್ನಷ್ಟೇ ಉಳಿಸಿಕೊಂಡು, ಅವನ್ನು ರೊಟ್ಟಿಯಷ್ಟು ದೊಡ್ಡದು ಮಾಡಿ ತೋರಿಸುವುದು ಊರಿನ ಎಲ್ಲ ಪರದೆಗಳ ಪದ್ಧತಿ. ಅವಳ ಮುಂದೆ ಎರಡೇ ಬಂದವು: ‘ಉಯಿಲು’, ‘ಮರಣ ನೋಂದಣಿ’.

‘ಮದುವೆ’ ಇರಲಿಲ್ಲ.

“ನಿನ್ನೆ ಬಂದಿದ್ರ ನನ್ನ ಮಾರಿಗೆ ಅದೂ ಇರ್ತಿತ್ತು. ಅಮಾಸಿ ದಿನ ಬ್ಯಾಡ ಅಂದವರು ಯಾರ್ರೀ?” ಎಂದಳು.

ಹಾರಗಳ ಚೀಲ ಹಿಡಿದು ನಿಂತಿದ್ದ ಚನ್ನಬಸಪ್ಪ ತಲೆ ಕೆರೆದುಕೊಂಡ. “ಒಳ್ಳೇದಾಗ್ಲಿ ಅಂತ ಅಂದೆ.”

ವೃದ್ಧಾಶ್ರಮದಲ್ಲಿ ಅವನು ಗಂಡಸರ ಕಡೆ, ಅವಳು ಹೆಂಗಸರ ಕಡೆ. ಮದುವೆಯ ಕಾಗದ ತೋರಿಸದೆ ನಡುವಿನ ಬಾಗಿಲು ತೆರೆಯುವುದಿಲ್ಲ.

ನೀಲಗಂಗವ್ವ ‘ಉಯಿಲು’ ಒತ್ತಿದಳು.

“ಏ, ಏನ್ ಮಾಡಾಕತ್ತಿ?”

“ಸುಮ್ಮನಿರ್ರಿ. ಇಬ್ಬರ ಹೆಸರಿರೋ ಕಾಗದ ಒಂದು ಸಿಕ್ರ ಸಾಕು, ಬಾಗಿಲಿಗೆ ತೋರಿಸಿ ನೋಡೋಣು.” ಪರದೆಯತ್ತ ಬಾಗಿ ಬಿಡಿಸಿ ಬಿಡಿಸಿ ಹೇಳಿದಳು: “ನನ್ನ ಉಳಿದ ದಿನಗಳನ್ನೆಲ್ಲ ಈ ಚನ್ನಬಸಪ್ಪನವರಿಗೆ ಬರದು ಕೊಟ್ಟೀನಿ.”

ಪರದೆ ತಕರಾರಿಲ್ಲದೆ ಬರೆದುಕೊಂಡಿತು. ಕೆಳಗೆ ದಪ್ಪ ಅಕ್ಷರದಲ್ಲಿ ತಾನೇ ಒಂದು ಸಾಲು ಸೇರಿಸಿತು: ‘ತಮ್ಮ ಮರಣದ ನಂತರ ಜಾರಿಗೆ ಬರುತ್ತದೆ.’

ಚನ್ನಬಸಪ್ಪನ ಕೈಯಿಂದ ಚೀಲ ಜಾರಿತು. “ಬ್ಯಾಡ ಅನ್ನು! ಲಗೂನ ಬ್ಯಾಡ ಅಂತ ಒತ್ತು!”

ಅವಳು ‘ಬೇಡ’ ಎಂಬ ಗುಂಡಿಗಾಗಿ ಮೇಲೆ ಕೆಳಗೆ ಹುಡುಕಿದಳು. ಪರದೆಯ ತುಂಬ ಹಸಿರಾಗಿ ಹೊಳೆಯುತ್ತಿದ್ದುದು ‘ಸರಿ’ ಒಂದೇ. ಅವಳ ವಯಸ್ಸಿನವರು ಇಷ್ಟು ವರ್ಷ ಬೇರೆ ಯಾವುದನ್ನೂ ಒತ್ತಿರಲಿಲ್ಲ.