ಇಲ್ಲದ ಹಗ್ಗ

ಗ್ಯಾಸ್ ಕೊಳವೆಗೆ ಬೆಂಕಿ ಹತ್ತಿ ಉರಿ ಅಡುಗೆಮನೆಯ ಛಾವಣಿಗೆ ನೆಗೆದಾಗ, ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ತೂಗಾಡುತ್ತ ಬಣ್ಣ ಬಳಿಯುವ ಗಂಡ ಎರಡೂ ಕೈಯಿಂದ ತನ್ನ ಸೊಂಟ ಹಿಡಿದುಕೊಂಡು ನಿಂತುಬಿಟ್ಟ. ಹೆಂಡತಿಯೇ ಒದ್ದೆ ಕಂಬಳಿ ಹೊದಿಸಿ ಸಿಲಿಂಡರಿನ ತಿರುಪು ಮುಚ್ಚಿದಳು. ದೇವರು ದೊಡ್ಡವನು, ಬೆಂಕಿ ಆರಿತು.

ಮಗುವನ್ನೆತ್ತಿಕೊಂಡು ಹೊರಗೋಡಿದ್ದ ಮೈದುನ ಬಾಗಿಲಲ್ಲಿ ಇಣುಕಿದ. "ಏನಣ್ಣಾ, ಇಪ್ಪತ್ತನೇ ಮಹಡಿ ಹುಲಿ ಮನೇಲಿ ಇಲಿ ಆಗೋಯ್ತಾ?"

ಅವಳಿಗೆ ನಗು ಬರಲಿಲ್ಲ. ಗಂಡನ ಬೆರಳುಗಳು ಕೆಲಸದ ಹೊತ್ತಿನ ಹಗ್ಗದ ಗಂಟನ್ನು ಬರಿ ಸೊಂಟದಲ್ಲಿ ಇನ್ನೂ ತಡಕುತ್ತಿದ್ದವು. ಸುಟ್ಟ ಅಂಗೈಯಿಂದಲೇ ಅವನ್ನು ಮೆಲ್ಲಗೆ ಬಿಡಿಸಿದಳು.

"ಅಲ್ಲಿ ಮೇಲೂ ಹೀಗೇ ಹೆದರ್ತೀರಾ?"

"ದಿನಾ ಕಣೇ."

ಇವನಿಗೆ ಭಯವೆಂಬುದೇ ಇಲ್ಲವೆಂದು ನಂಬಿ ಇಷ್ಟು ವರ್ಷ ನಿಶ್ಚಿಂತೆಯಿಂದ ಕೆಲಸಕ್ಕೆ ಕಳಿಸಿಕೊಟ್ಟವಳು, ಒದ್ದೆ ನೆಲದ ಮೇಲೆ ಕುಸಿದು ಕುಳಿತಳು.