ತುಂಗಕ್ಕನ ಹೊಸ್ತಿಲ ಬೆಳಗು

ನಮ್ಮ ಕೇರಿಯಲ್ಲಿ ಹೊಸ್ತಿಲ ಮುಂದೆ ರಂಗೋಲಿ ಬಿದ್ದ ಮನೆಗಷ್ಟೇ ಸೂರ್ಯ ಹುಟ್ಟುತ್ತಾನೆ. ವಿಧವೆ ಹಾಕಿದರೆ ಬರುವುದಿಲ್ಲವೆಂದು ಹಿರಿಯರ ಮಾತು. ಗಂಡ ಸತ್ತಂದಿನಿಂದ ತುಂಗಕ್ಕ ಮಧ್ಯಾಹ್ನವೂ ದೀಪ ಹಚ್ಚಿಕೊಂಡೇ ಅಕ್ಕಿ ಆರಿಸುತ್ತಾಳೆ. ಅಂಗಳದ ತುಳಸಿ ಬಿಳಚಿಕೊಂಡಿದೆ.

ಇವತ್ತು ಎದುರುಮನೆಯ ಪಂಕಜಮ್ಮನನ್ನು ಬೇಡಿಕೊಂಡಳು: "ತುಳಸಿ ಸಾಯ್ತೈತೆ. ನೀವಾದ್ರೂ ನಾಕು ಎಳೆ ಎಳೀರಕ್ಕಾ."

"ನಿನ್ನ ಹೊಸ್ತಿಲಿಗೆ ನನ್ನ ಕೈಯಾ? ನಮ್ಮ ಯಜಮಾನ್ರು ಇನ್ನೂ ಗಟ್ಟಿಮುಟ್ಟಾಗವ್ರೆ ಕಣೇ! ದೀಪ ಐತಲ್ಲ, ಸಾಕು ಬಿಡು."

ತುಂಗಕ್ಕ ತಾನೇ ರಂಗೋಲಿ ಪುಡಿಗೆ ಕೈ ಹಾಕಿದಳು. ಎರಡನೆಯ ಎಳೆ ಮುಗಿಯುವಷ್ಟರಲ್ಲಿ ತುಳಸಿಯ ಮೇಲೆ ಬಿಸಿಲು ಬಿತ್ತು. ಕೇರಿಯ ಬಾಗಿಲುಗಳೆಲ್ಲ ದಡದಡನೆ ಮುಚ್ಚಿಕೊಂಡವು.

ಒಬ್ಬಳೇ ನಿಂತು, ಚೆಂಬಿನ ನೀರನ್ನು ಸೂರ್ಯನಿಗೆ ಎರೆಯುತ್ತ ಕೇಳಿದಳು: "ಬರೋನೇ ಆಗಿದ್ರೆ, ನಂಗೊಂದು ಮಾತು ಹೇಳ್ಬಾರ್ದಿತ್ತೇನಪ್ಪಾ?"