ಚಿತ್ರದಲ್ಲಿ ಏಳಡಿ

ಅಜ್ಜಪ್ಪ ಮೇಷ್ಟ್ರು ಫೋಟೋ ಚಿತ್ರವನ್ನು ಮೂರನೆಯ ಸಲ ಅಳೆದರು. ಲೆಕ್ಕ ಬದಲಾಗಲಿಲ್ಲ. ಚಿತ್ರದೊಳಗಿನ ಮುರುಗೇಂದ್ರಪ್ಪ ಏಳಡಿ. ಎದುರಿಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದ ಮುರುಗೇಂದ್ರಪ್ಪ ಐದಡಿ ಎರಡಂಗುಲ.

ಮುಖ ಮಾತ್ರ ಒಂದೇ.

"ಇದು ನೀನೇ ಏನಪ್ಪಾ?"

"ನಾನೇ ರೀ ಮೇಷ್ಟ್ರೇ."

"ಈ ಏಳು ಜನ ಬಿಳಿ ದೊರೆಗಳು ನಿನ್ನ ಎದೆಮಟ್ಟಕ್ಕೆ ಬರ್ತಾರೆ."

"ಆವತ್ತು ಹಂಗೇ ನಿಂತಿದ್ರು."

"ಯಾರಿಗೂ ಮೊಣಕಾಲಿಂದ ಕೆಳಗೆ ಕಾಲೇ ಇಲ್ಲವಲ್ಲ?"

"ಚಳ್ಳಕೆರೆ ಸಂತೆಯಾಗೆ ಕಟ್ಟು ಹಾಕ್ಸಾಕೆ ಇಷ್ಟೇ ಗಾಜು ಸಿಕ್ಕಿದ್ದು ರೀ. ಚಿತ್ರಾನ ಕೆಳಗೆ ಮಡಿಚೀನಿ."

ಇಸವಿ ಸಾವಿರದ ಒಂಬೈನೂರ ಒಂಬತ್ತು. ಮೊಳಕಾಲ್ಮೂರಿನ ಈ ಮುರುಗೇಂದ್ರಪ್ಪ ಕಂಬಳಿ ಮಾರಲು ಬೊಂಬಾಯಿಗೆ ಹೋಗಿ, ಅಲ್ಲಿ ಹಡಗು ಹತ್ತಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡವೊಂದರಲ್ಲಿ ಆರು ವರ್ಷ ಸಂಬಳಕ್ಕಿದ್ದು ಹಿಂದಿರುಗಿದ್ದ. ಹಾಗೆಂದು ಅವನೇ ಹೇಳುತ್ತಿದ್ದ. ಪಟ್ಟಣದ ಮಿಷನ್ ಕಾಲೇಜೊಂದಕ್ಕೆ ಈ ಹೊಸ ಆಟ ಕಲಿಸುವ ಕೋಚ್ ಬೇಕಾಗಿತ್ತು. ಇವನು ಅರ್ಜಿ ಹಾಕಿದ. ಪ್ರಿನ್ಸಿಪಾಲರು ಚಳ್ಳಕೆರೆಯಲ್ಲಿ ವಿಜ್ಞಾನ ಓದಿದ್ದ ಒಬ್ಬರೇ ಮೇಷ್ಟ್ರಾದ ಅಜ್ಜಪ್ಪನವರಿಗೆ ಒಂದು ಚೆಂಡು, ಒಂದು ಆಟದ ಪುಸ್ತಕ ಕಳಿಸಿ, ಮನುಷ್ಯ ನಿಜವೋ ಸುಳ್ಳೋ ಪರೀಕ್ಷಿಸಿ ಬರೆಯಿರಿ ಎಂದಿದ್ದರು. ಸುಳ್ಳೆಂದು ಬರೆದರೆ ಮುರುಗೇಂದ್ರಪ್ಪ ಮತ್ತೆ ಕಂಬಳಿ ಹೊತ್ತು ಊರೂರು ತಿರುಗಬೇಕು. ಅವನ ತಾಯಿ ಶಿವಬಸಮ್ಮ ಮುಂಜಾಗ್ರತೆಗೆ ಗಂಟು ಕಟ್ಟಿಯೇ ಇಟ್ಟಿದ್ದಳು.

"ಅಲ್ಲಿ ನಿನ್ನ ಆಟ ಹೆಂಗಿತ್ತು?"

"ನಾನಿಲ್ದೆ ಒಂದು ಆಟಾನೂ ಮುಂದಕ್ಕೆ ಹೋಗ್ತಿರ್ಲಿಲ್ಲ. ಬುಟ್ಟಿಗೆ ಬಿದ್ದ ಒಂದೇ ಒಂದು ಚೆಂಡು ನನ್ನ ಕೈ ಸೋಕದೆ ಇದ್ದಿಲ್ಲ ರೀ."

"ಮತ್ಯಾಕೆ ಬಿಟ್ಟು ಬಂದೆ?"

"ಹೊಸ ನಮೂನೆ ಬುಟ್ಟಿ ತಂದ್ರು. ನನ್ನಂಥವ್ರ ಕಾಲ ಮುಗೀತು."

ಮೇಷ್ಟ್ರು ಕಾಗದದಲ್ಲಿ ಗುರುತು ಹಾಕಿಕೊಂಡರು: 'ಬಡಾಯಿ ವಿಪರೀತ. ಸುಳ್ಳುಗಾರನ ಲಕ್ಷಣ.' ನಂತರ ಚೆಂಡನ್ನು ಅವನ ಕೈಗಿತ್ತು, ಎಸೆದು ತೋರಿಸು ಎಂದರು.

"ಎಸೆಯೋದು ಯಾರು ಬೇಕಾದ್ರೂ ಎಸೀತಾರೆ ಬಿಡ್ರಿ," ಎಂದು ಅವನು ಚೆಂಡನ್ನು ಜೋಪಾನವಾಗಿ ಮೇಜಿನ ಮೇಲಿಟ್ಟ.

ಪರೀಕ್ಷೆಯ ವಿಧಾನ ನಿಶ್ಚಯವಾಯಿತು. ಮುರುಗೇಂದ್ರಪ್ಪ ಮೊಳಕಾಲ್ಮೂರಿನ ಯುವಕರನ್ನು ತಯಾರು ಮಾಡಬೇಕು. ಮೇಷ್ಟ್ರು ಪುಸ್ತಕ ನೋಡಿ ಚಳ್ಳಕೆರೆಯವರನ್ನು. ಹದಿನೈದು ದಿನ ಅವಕಾಶ. ಗೆದ್ದರೆ ನಿಜ.

ತೊಡಕು ಬಂದದ್ದು ಬುಟ್ಟಿಯಲ್ಲಿ. ಕಂಬದ ತುದಿಗೆ ಕಟ್ಟುವ ಬುಟ್ಟಿಗೆ ತಳ ಇರಕೂಡದೆಂದು ಪುಸ್ತಕ ಹೇಳುತ್ತಿತ್ತು. ಮೇದರ ದುರುಗಕ್ಕ ಬಿದಿರು ಸೀಳುವುದನ್ನೇ ನಿಲ್ಲಿಸಿದಳು.

"ತಳದಿಂದ್ಲೇ ಅಲ್ಲೇನ್ರಿ ಹೆಣಿಗೆ ಶುರುವಾಗೋದು? ತಳಾನೇ ಬ್ಯಾಡ ಅಂದ್ರೆ ಗಾಳಿಯಾಗೆ ಹೆಣೀಲಾ? ಹೆಣೆದಮ್ಯಾಲೆ ಕೊಯ್ಯಿ ಅಂತೀರೇನೋ. ನನ್ನ ಕೈಯಾರೆ ಮಾಡಿದ ಬುಟ್ಟಿಗೆ ನಾನೇ ಕತ್ತಿ ಹಾಕಾಕಿಲ್ಲ. ಮೂರು ತಲೆಮಾರಿಂದ ನಮ್ಮ ಮನೆಯಾಗೆ ತೂತು ಬುಟ್ಟಿ ಮಾರಿಲ್ಲ."

"ಬ್ಯಾಡ ಬ್ಯಾಡ, ತಳ ಇರ್ಲಿ ಬಿಡಕ್ಕಾ!" ಮುರುಗೇಂದ್ರಪ್ಪ ನಡುವೆಯೇ ಬಾಯಿ ಹಾಕಿದ. ಅವನ ಕಣ್ಣಲ್ಲಿ ನೀರಾಡಿದ್ದನ್ನು ಮೇಷ್ಟ್ರು ಗಮನಿಸಿದರು. 'ಕೈಕಸುಬಿನವರ ಬಗ್ಗೆ ಗೌರವವಿದೆ,' ಎಂದು ಬರೆದರು.

ತಳವಿದ್ದ ಮೇಲೆ ಚೆಂಡು ಬುಟ್ಟಿಯಲ್ಲೇ ಉಳಿಯುತ್ತದೆ. ಅದಕ್ಕೊಂದು ನಿಯಮ ಬೇಕು. ತೆಗೆದವರದೇ ಚೆಂಡು ಎಂದು ಮುರುಗೇಂದ್ರಪ್ಪ ಸೂಚಿಸಿದ. ನ್ಯಾಯವಾಗಿ ಕಂಡಿತು.

ಮೇಷ್ಟ್ರು ಕರಿಹಲಗೆಯ ಮೇಲೆ ಚೆಂಡಿನ ಹಾದಿ ಬರೆದು, ಎಷ್ಟು ಓರೆಯಲ್ಲಿ ಎಸೆದರೆ ಎಲ್ಲಿ ಬೀಳುತ್ತದೆಂದು ಚಳ್ಳಕೆರೆಯವರಿಗೆ ಹತ್ತು ದಿನ ವಿವರಿಸಿದರು. ಹನ್ನೊಂದನೆಯ ದಿನ ಮೊಳಕಾಲ್ಮೂರಿನ ಕ್ಯಾತಪ್ಪ ಕುಂಟುತ್ತ ದೂರು ತಂದ.

"ಮೇಷ್ಟ್ರೇ, ಆ ಮನುಷ್ಯ ಚೆಂಡೇ ಮುಟ್ಟಿಸವಲ್ಲ. ಬೆಳಿಗ್ಗೆ ಕಂಬ ಹತ್ತು ಅಂತಾನೆ, ಸಾಯಂಕಾಲ ಕಂಬ ಹತ್ತು ಅಂತಾನೆ. ತೊಡೆ ಸುಲಿದು ಹೋಗೈತೆ. ನಾವೇನು ಮಂಗ್ಯಾಗಳಾ?"

ಕಾಲಿನ ಸ್ನಾಯುಗಳಿಗೆ ಅಮೆರಿಕದ ಕ್ರಮವಿರಬೇಕೆಂದು ಮೇಷ್ಟ್ರು ಊಹಿಸಿದರು.

ಪಂದ್ಯದ ದಿನ ಚಳ್ಳಕೆರೆಯವರ ಮೊದಲ ಎಸೆತ ಕರಿಹಲಗೆಯ ಗೆರೆಯಂತೆಯೇ ಬಾಗಿ ಬುಟ್ಟಿಗೆ ಬಿತ್ತು. ಜನ ಚಪ್ಪಾಳೆ ಮುಗಿಸುವಷ್ಟರಲ್ಲಿ ಕ್ಯಾತಪ್ಪ ಕಂಬದ ತುದಿಯಲ್ಲಿದ್ದ. ಚೆಂಡು ಮೊಳಕಾಲ್ಮೂರಿನವರ ಕೈಗೆ ಬಂತು. ಅವರು ಹತ್ತು ಸಲ ಎಸೆದರೆ ಒಂದು ಬೀಳುತ್ತಿತ್ತು. ಬಿದ್ದ ತಕ್ಷಣ ಮತ್ತೆ ಕ್ಯಾತಪ್ಪ ಮೇಲೆ. ಚಳ್ಳಕೆರೆಯವರು ಕಂಬ ತಬ್ಬಿಕೊಂಡು ಕೆಳಗೇ ಉಳಿದರು. ಮೊಳಕಾಲ್ಮೂರು ಹದಿನಾಲ್ಕು, ಚಳ್ಳಕೆರೆ ಮೂರು.

ಮನುಷ್ಯ ನಿಜ. ಹಾಗಾದರೆ ಎತ್ತರ?

ಮೇಷ್ಟ್ರು ಎರಡು ದಿನ ಯೋಚಿಸಿದರು. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ದೇಹದಲ್ಲಿ ಬಹುಪಾಲು ನೀರು. ಅಮೆರಿಕದಲ್ಲಿ ಹಿಮ, ಚಳ್ಳಕೆರೆಯಲ್ಲಿ ಬಿಸಿಲು. ನಾಲ್ಕು ಪುಟ ಬರೆದು, 'ಶೀತದೇಶದಲ್ಲಿ ಹಿಗ್ಗಿ ಉಷ್ಣದೇಶದಲ್ಲಿ ಕುಗ್ಗಿದ ಅಸಲಿ ಆಟಗಾರ' ಎಂದು ಸಹಿ ಹಾಕಿದರು.

ಮುರುಗೇಂದ್ರಪ್ಪನಿಗೆ ಕೆಲಸವಾಯಿತು. ಹೊರಡುವ ದಿನ ಕಾಲಿಗೆ ಬಿದ್ದು, ಚಿತ್ರವನ್ನು ಮೇಷ್ಟ್ರಿಗೇ ಕೊಟ್ಟ. "ಇನ್ನು ಇದು ನಂಗ್ಯಾಕೆ ರೀ. ನನ್ನ ಸತ್ಯ ನೀವೇ ಹಿಡಿದ್ರಿ."

ತಿಂಗಳ ಮೇಲೆ ಪ್ರಿನ್ಸಿಪಾಲರ ಪತ್ರ ಬಂತು. 'ನಿಮ್ಮ ಸಿದ್ಧಾಂತ ನಮ್ಮ ಪತ್ರಿಕೆಯಲ್ಲಿ ಅಚ್ಚಾಗಿದೆ. ಹೊಸ ಕೋಚ್ ಬಂದ ದಿನವೇ ನಮ್ಮ ವಿಲಾಯತಿ ಬಲೆಗಳ ತಳ ಹೊಲಿಸಿದ್ದಾರೆ. ಇದರ ಗುಟ್ಟು ನಮಗಿನ್ನೂ ಹೊಳೆದಿಲ್ಲ. ಆದರೆ ಅನುಭವಸ್ಥರನ್ನು ಪ್ರಶ್ನಿಸುವುದು ಹೇಗೆ?'

ಮೇಷ್ಟ್ರು ಹಿಗ್ಗಿದರು. ಹಿಮವಿಲ್ಲದೆಯೇ. ಸಿದ್ಧಾಂತಕ್ಕೆ ಆಧಾರವಾದ ಚಿತ್ರವನ್ನು ದೊಡ್ಡ ಗಾಜಿನಲ್ಲಿ ಶಾಲೆಯ ಗೋಡೆಗೆ ಹಾಕಿಸಬೇಕೆಂದು ಚೌಕಟ್ಟು ಬಿಚ್ಚಿ, ಮಡಿಕೆಯನ್ನು ಮೆಲ್ಲಗೆ ನೀವಿದರು.

ಏಳು ಜೊತೆ ಬೂಟುಗಳ ಹಿಂದೆ ಏಣಿಯೊಂದರ ಎರಡನೆಯ ಮೆಟ್ಟಿಲ ಮೇಲೆ ಒಂದು ಜೊತೆ ಬರಿಗಾಲು. ಕೆಳಗೆ ಏಳು ಆಟಗಾರರ ಹೆಸರುಗಳಾದ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: 'ಬುಟ್ಟಿಯಿಂದ ಚೆಂಡು ತೆಗೆದುಕೊಡುವ ಆಳು, ಮುರುಗೇಂದ್ರಪ್ಪ.'